ಅಧ್ಯಕ್ಷರು ಅರೆದ ಎಲೆ

ಎಲೆಗೆ ಯಾರೂ ಹೇಳಿರಲಿಲ್ಲ, ತನ್ನೊಳಗೆ ತಯಾರಾಗುತ್ತಿರುವುದು ಔಷಧಿ ಎಂದು. ಹೇಳಿದ್ದರೂ ಅದು ಕೇಳುತ್ತಿತ್ತೆಂಬ ಭರವಸೆಯಿಲ್ಲ. ಹೊರಗಿನದೇನಾದರೂ ಒಳಗೆ ಕಾಣಿಸಿಕೊಂಡರೆ ತುಂಡು ಮಾಡಿ, ಪುಡಿ ಮಾಡಿ, ತನ್ನದಾಗಿಸಿಕೊಳ್ಳಬೇಕೆಂದು ಸೃಷ್ಟಿಕರ್ತ ಅದಕ್ಕೆ ಎಂದೋ ಹೇಳಿಕೊಟ್ಟಿದ್ದ. ಎಲೆ ಇವತ್ತಿನವರೆಗೂ ಆ ಮಾತು ಮೀರಿಲ್ಲ. ಮನುಷ್ಯರಿಗೂ ಅವನು ಬೇಕಾದಷ್ಟು ಹೇಳಿಕೊಟ್ಟಿದ್ದಾನೆ. ಆ ವಿಷಯ ಈಗ ಬೇಡ.

ಸಂಸ್ಥೆಯ ಹಿಂಭಾಗದ ಗಾಜಿನ ಮನೆಯಲ್ಲಿ ಹೊಗೆಸೊಪ್ಪಿಗೆ ದೂರದ ನೆಂಟನಾದ ಒಂದು ಗಿಡ ಬೆಳೆಯುತ್ತಿತ್ತು. ಸೇದುವುದಕ್ಕೆ ಬರುವುದಿಲ್ಲ, ಅಗಿಯುವುದಕ್ಕೆ ಬರುವುದಿಲ್ಲ, ನೋಡುವುದಕ್ಕೂ ಅಷ್ಟಕ್ಕಷ್ಟೇ. ಆದರೆ ಅಷ್ಟು ಸಾಧು ಗಿಡ ಇನ್ನೊಂದಿಲ್ಲ. ಬ್ಯಾಕ್ಟೀರಿಯಾ ಬೆರೆಸಿದ ನೀರಿನಲ್ಲಿ ತಲೆಕೆಳಗಾಗಿ ಅದ್ದಿ, ಸುತ್ತಲಿನ ಗಾಳಿಯನ್ನು ಎಳೆದು ತೆಗೆದು ಮತ್ತೆ ಒಳಬಿಟ್ಟರೆ ಎಲೆ ಆ ನೀರನ್ನು ಹೀರಿಕೊಳ್ಳುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಕಿವಿಯಲ್ಲಿ ಊದಿದ್ದನ್ನೆಲ್ಲ ನಂಬಿ, ಕೆಲವೇ ದಿನಗಳಲ್ಲಿ ಮನುಷ್ಯನ ಮೈಯಲ್ಲಿ ಆಗಬೇಕಾದ ಪ್ರೋಟೀನನ್ನು ತಾನೇ ಹೆಣೆಯತೊಡಗುತ್ತದೆ. ಈ ಗಿಡಗಳು ಹೆಣೆಯುತ್ತಿದ್ದುದು ಹುಚ್ಚುನಾಯಿ ಕಡಿದವರ ಗಾಯದ ಸುತ್ತ ಚುಚ್ಚುವ ಪ್ರತಿಕಾಯವನ್ನು.

ಹೆಣೆಯುವುದೇನೋ ಸರಿ. ಅದೇ ಎಲೆಯಲ್ಲಿ ಎಂಜೈಮುಗಳೆಂಬ ಕತ್ತರಿಗಳೂ ಇವೆ. ಎಲೆ ಬದುಕಿರುವವರೆಗೆ ಕತ್ತರಿಗಳಲ್ಲಿ ಬಹುಪಾಲು ಜೀವಕೋಶದ ಒಳಗಿನ ಒಂದು ಚೀಲದಲ್ಲಿ ಕಟ್ಟುನಿಟ್ಟಾಗಿ ಕೂತಿರುತ್ತವೆ. ಎಲೆಯನ್ನು ಕಿತ್ತು ಬಾಡಲು ಬಿಟ್ಟರೆ ಅವಕ್ಕೆ ಚುರುಕು ಹತ್ತುತ್ತದೆ. ಅರೆದಾಗಲಂತೂ ಚೀಲ ಹರಿದು, ಊಟದ ಗಂಟೆ ಹೊಡೆದ ಹಾಸ್ಟೆಲಿನಂತೆ ಎಲ್ಲವೂ ಒಟ್ಟಿಗೆ ಮುಗಿಬೀಳುತ್ತವೆ. ಇಷ್ಟು ದಿನ ಕಷ್ಟಪಟ್ಟು ಹೆಣೆದದ್ದು ನೋಡನೋಡುತ್ತಿದ್ದಂತೆ ಚೂರುಪಾರಾಗುತ್ತದೆ. ಆ ಚೂರುಗಳನ್ನು ಚುಚ್ಚಿಸಿಕೊಂಡವರಿಗೆ ಸೂಜಿಯ ನೋವೊಂದೇ ಲಾಭ.

ಈ ಕತ್ತರಿಗಳ ಜೊತೆ ಜಗಳವಾಡುವುದೇ ಉದ್ಯೋಗವಾಗಿದ್ದವಳನ್ನು ಸಂಸ್ಥೆಯಲ್ಲಿ ಎಲ್ಲರೂ ಎಲೆಯಕ್ಕ ಎನ್ನುತ್ತಿದ್ದರು. ಹಿಂದಿನ ಬೆಳೆಗಳೆಲ್ಲ ಅವಳಿಗೆ ಚೂರುಗಳನ್ನೇ ಕೊಟ್ಟಿದ್ದವು. ಈ ಸಲ ಅವಳು ಪ್ರತಿಕಾಯದ ಜೊತೆಗೇ ಇನ್ನೊಂದು ಪುಟ್ಟ ಪ್ರೋಟೀನನ್ನೂ ಎಲೆಯಿಂದಲೇ ಮಾಡಿಸಿದ್ದಳು. ಅದು ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಕೂರುವ ಬೀಗ. ಬೀಗ ಎಲ್ಲ ಕತ್ತರಿಗೂ ಹೊಂದುವುದಿಲ್ಲವಾದ್ದರಿಂದ, ಎಲೆಯನ್ನು ಕಿತ್ತ ಕೂಡಲೇ ತಣ್ಣನೆಯ ಕೋಣೆಗೆ ಒಯ್ದು, ಐಸಿನ ಮೇಲಿಟ್ಟ ಕುಟ್ಟಾಣಿಯಲ್ಲಿ ಅರೆಯಬೇಕಿತ್ತು. ಚಳಿಯಲ್ಲಿ ಕತ್ತರಿಗಳಿಗೂ ಕೈ ಮರಗಟ್ಟುತ್ತದೆ.

ಬೀಗ ಹಾಕಿದ ಗಿಡಗಳಿದ್ದುದೇ ಬೆರಳೆಣಿಕೆಯಷ್ಟು. ಈ ಬೆಳೆಯೂ ಚೂರಾದರೆ ಗಾಜಿನ ಮನೆಯನ್ನು ಹೂವಿನ ವಿಭಾಗಕ್ಕೆ ಬಿಟ್ಟುಕೊಡಬೇಕೆಂದು ಸಂಸ್ಥೆಯ ನಿರ್ದೇಶಕರು ಮೊದಲೇ ಹೇಳಿಬಿಟ್ಟಿದ್ದರು. ಹೂವಿನ ವಿಭಾಗದವರು ಮೊಗಸಾಲೆಗೆ ಅಲಂಕಾರದ ಕುಂಡಗಳನ್ನು ಬೆಳೆಸಿಕೊಡುವವರು. ಅವರ ಗಿಡಗಳು ಯಾವ ಕಾಯಿಲೆಯನ್ನೂ ವಾಸಿ ಮಾಡದಿದ್ದರೂ ಬಂದವರೆಲ್ಲ ಚೆನ್ನಾಗಿದೆ ಎಂದು ಹೋಗುತ್ತಿದ್ದರು. ಎಲೆಯಕ್ಕನ ಗಿಡಗಳನ್ನು ನೋಡಿ ಹಾಗೆಂದವರು ಯಾರೂ ಇಲ್ಲ.

ನಿರ್ದೇಶಕರನ್ನು ಸಂಸ್ಥೆಯವರು ದೊಡ್ಡವರು ಎಂದು ಕರೆಯುತ್ತಿದ್ದರು. ವಿಜ್ಞಾನದಲ್ಲಿ ಅವರಿಗಿದ್ದ ಆಸಕ್ತಿ ಅದರ ಉದ್ಘಾಟನೆಗೆ ಸೀಮಿತವಾಗಿತ್ತು. ಎಲೆ ಕೀಳುವ ದಿನ ಹತ್ತಿರ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅವಳನ್ನು ಕರೆಸಿದರು.

"ಕೂತ್ಕೊಳ್ಳಮ್ಮ. ನಮ್ಮ ಆಡಳಿತ ಮಂಡಳಿ ಅಧ್ಯಕ್ಷರು ಬರ್ತಿದ್ದಾರೆ. ಮೊದಲನೇ ಎಲೆ ಅವರ ಕೈಯಿಂದ್ಲೇ ಅರೆಸೋಣ ಅಂತ."

"ಅರೆಸಬಹುದು ಸರ್. ಕೋಲ್ಡ್ ರೂಮಿಗೆ ಕರ್ಕೊಂಡು ಬನ್ನಿ."

"ಅಲ್ಲಿ ಅವರಿಗೆ ನೆಗಡಿ ಆದ್ರೆ ಯಾರು ಹೊಣೆ? ಸಭಾಂಗಣದಲ್ಲಿ ಇಟ್ಕೊಳ್ಳೋಣ. ತಟ್ಟೆ ತುಂಬ ಎಲೆ ಜೋಡಿಸಿಡು. ತುಂಬಿರ್ಬೇಕು, ಫೋಟೋದಲ್ಲಿ ಕಾಣ್ಬೇಕು."

"ಮುಂಚೆನೇ ಕಿತ್ತಿಟ್ರೆ ಬಾಡತ್ತೆ ಸರ್. ಒಳಗೆ ಕತ್ತರಿ ಶುರುವಾಗತ್ತೆ. ಕುಂಡಾನೇ ತಂದಿಡ್ತೀನಿ, ಅವರು ಬಂದ್ಮೇಲೆ ಕೀಳಲಿ."

"ಕಾರ್ಪೆಟ್ ಮೇಲೆ ಮಣ್ಣಾಗಲ್ವಾ?"

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿರಲಿಲ್ಲ. ಅವಳು ಕೊನೆಗೆ ಕೇಳಿಕೊಂಡಳು: "ಹಾಗಾದ್ರೆ ಹೊತ್ತಿಗೆ ಸರಿಯಾಗಿ ಬರ್ತಾರಾ, ಅಷ್ಟಾದ್ರೂ ಹೇಳಿ."

"ಅಧ್ಯಕ್ಷರು ಬಂದದ್ದೇ ಹೊತ್ತಮ್ಮ," ಎಂದರು ದೊಡ್ಡವರು, ಮಗುವಿಗೆ ತಿಳಿಹೇಳುವಂತೆ.

ಸಮಾರಂಭದ ಬೆಳಿಗ್ಗೆ ಎಲೆಯಕ್ಕ ಎಲೆಗಳನ್ನು ಕಿತ್ತಳು. ಜೊತೆಗಿದ್ದವನು ಪಟ್ಟೆಹುಲಿ. ಪ್ರೋಟೀನು ಇಡಿಯಾಗಿದೆಯೋ ಚೂರಾಗಿದೆಯೋ ಎಂದು ಒಂದು ಬಿಳಿ ಹಾಳೆಯ ಮೇಲೆ ಕಪ್ಪು ಪಟ್ಟೆಗಳಾಗಿ ಮೂಡಿಸಿ ತೋರಿಸುವುದು ಅವನ ಕೆಲಸವಾದ್ದರಿಂದ ಆ ಹೆಸರು. ಉಳಿದಂತೆ ಹುಲಿಯ ಯಾವ ಲಕ್ಷಣವೂ ಅವನಲ್ಲಿರಲಿಲ್ಲ. ದೊಡ್ಡವರ ಕಾರಿನ ಸದ್ದಿಗೇ ಎದ್ದು ನಿಲ್ಲುತ್ತಿದ್ದ.

ಅವಳು ತಟ್ಟೆಯ ಅಡಿಗೆ ಐಸು ಹಾಕಿದ್ದಳು. ಮೇಜಿನ ಬಟ್ಟೆ ಒದ್ದೆಯಾಗುತ್ತದೆಂದು ದೊಡ್ಡವರು ತೆಗೆಸಿದರು. ಎಲೆ ಕಪ್ಪಗೆ ಕಾಣುತ್ತಿದೆ ಎಂದು ಫೋಟೋದವನು ತಟ್ಟೆಯ ನೆತ್ತಿಯ ಮೇಲೇ ದೀಪ ನಿಲ್ಲಿಸಿದ. ದೀಪ ಎಷ್ಟು ಕಾಯುತ್ತಿತ್ತೆಂದರೆ ಮೇಜಿನ ಪಕ್ಕ ಕೂತಿದ್ದ ಹೂವಿನ ವಿಭಾಗದ ಮುಖ್ಯಸ್ಥರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡು, "ನಿಮ್ಮ ಸೊಪ್ಪು ಇಲ್ಲೇ ಬೇಯತ್ತೋ ಏನೋ ಮೇಡಂ," ಎಂದು ನಕ್ಕರು. ಗಾಜಿನ ಮನೆಯಲ್ಲಿ ಯಾವ ಕುಂಡ ಎಲ್ಲಿಡಬೇಕೆಂದು ಅವರು ಆಗಲೇ ಅಳತೆ ತೆಗೆದುಕೊಂಡು ಹೋಗಿದ್ದರು.

ಅಧ್ಯಕ್ಷರು ಬರಲಿಲ್ಲ. ಹೊರಟಿದ್ದಾರೆ ಎಂದು ಅವರ ಕಚೇರಿಯವರು ಫೋನಿನಲ್ಲಿ ಹೇಳಿದರು. ಆಮೇಲೆ, ಹೊರಡುತ್ತಿದ್ದಾರೆ ಎಂದರು. ಸಭೆ ಖಾಲಿ ಕೂರಬಾರದೆಂದು ದೊಡ್ಡವರು ಮೈಕು ಹಿಡಿದು ಸಸ್ಯಗಳು ಮನುಕುಲಕ್ಕೆ ಮಾಡಿದ ಉಪಕಾರವನ್ನು ವರ್ಣಿಸತೊಡಗಿದರು. ಉಪಕಾರ ಮಾಡಿದ ಸಸ್ಯ ಅವರ ಮೊಣಕೈ ಪಕ್ಕದಲ್ಲೇ ಜೋಲುಬೀಳುತ್ತಿತ್ತು. ಮೊದಲು ಅಂಚು ಮುದುಡಿತು. ಆಮೇಲೆ ಮೇಲಿದ್ದ ಎಲೆಯೊಂದು, ಭಾಷಣ ಕೇಳಿ ನಿದ್ದೆ ಬಂದವರಂತೆ, ಮೆಲ್ಲಗೆ ತಲೆ ಬಾಗಿಸಿತು.

ಎಲೆಯಕ್ಕ ಗೋಡೆಗೊರಗಿ ನಿಂತು ನೋಡುತ್ತಿದ್ದಳು. ಎಷ್ಟೋ ರಾತ್ರಿ ಕನಸಿನಲ್ಲೂ ಬೀಗದ ಆಕಾರವನ್ನೇ ತಿದ್ದಿದವಳು ಅವಳು. ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡಳು. ದೇವರು ಸಾಮಾನ್ಯವಾಗಿ ಸಭಾಂಗಣಗಳಿಗೆ ಬರುವವನಲ್ಲ, ಆದರೂ ಹೇಳಿಕೊಂಡಳು. ಹೇಳಿಕೊಂಡು ಮುಗಿದ ಮೇಲೆ ನೆಟ್ಟಗೆ ವೇದಿಕೆಗೆ ನಡೆದು ತಟ್ಟೆಯನ್ನು ಎತ್ತಿಕೊಂಡಳು.

"ಅಕ್ಕ, ಎಲ್ಲಿಗೆ?" ಪಟ್ಟೆಹುಲಿ ಪಿಸುಗುಟ್ಟಿದ.

"ಕೋಲ್ಡ್ ರೂಮಿಗೆ. ಬರೋದಾದ್ರೆ ಬಾ, ಇಲ್ಲಾಂದ್ರೆ ಭಾಷಣ ಕೇಳು."

ಅವನು ಎರಡನ್ನೂ ತೂಗಿ ನೋಡಿ ಬಂದ. ಇಬ್ಬರೂ ಬಾಗಿಲು ಹಾಕಿಕೊಂಡು, ಐಸಿನ ಮೇಲೆ ಅರೆದರು. ಎಲೆ ಆಗಲೇ ಮೆತ್ತಗಾಗಿತ್ತು. ಒಳಗಿನ ಪ್ರತಿಕಾಯ ಉಳಿದಿದೆಯೋ, ದೀಪದಡಿಯಲ್ಲೇ ಮುಗಿದುಹೋಯಿತೋ, ಇಬ್ಬರಿಗೂ ಗೊತ್ತಿರಲಿಲ್ಲ.

ಅತ್ತ ದೊಡ್ಡವರು ಭಾಷಣ ಮುಗಿಸಿ ತಿರುಗಿದರೆ ಮೇಜು ಖಾಲಿ. ಅಧ್ಯಕ್ಷರ ಕಾರು ಬಾಗಿಲಲ್ಲಿ. ಆ ಕ್ಷಣದಲ್ಲಿ ಅವರಿಗೆ ಹೊಳೆದ ಬುದ್ಧಿ ಬೇರೆ ಯಾವ ಸಂಸ್ಥೆಯ ನಿರ್ದೇಶಕರಿಗೂ ಹೊಳೆಯಲಾರದು. ವೇದಿಕೆಯ ಎರಡೂ ಬದಿ ಹೂವಿನ ವಿಭಾಗದ ಕುಂಡಗಳಿದ್ದವು. ಅವುಗಳಿಂದ ಕೈಗೆ ಸಿಕ್ಕಷ್ಟು ಎಲೆ ಪರಪರನೆ ಕಿತ್ತು ಇನ್ನೊಂದು ತಟ್ಟೆಗೆ ತುಂಬಿದರು. ಮುಖ್ಯಸ್ಥರು "ಅಯ್ಯೋ ಸರ್, ಅದು" ಎನ್ನುವಷ್ಟರಲ್ಲಿ ಚಪ್ಪಾಳೆ ಶುರುವಾಗಿತ್ತು.

ಅಧ್ಯಕ್ಷರು ಬಂದರು, ಕ್ಷಮೆ ಕೇಳಲಿಲ್ಲ, ಎಲೆ ನೋಡಿ ಮೆಚ್ಚಿದರು. "ಎಂಥ ಹೊಳಪು ರೀ." ಪಿಂಗಾಣಿ ಕುಟ್ಟಾಣಿಯಲ್ಲಿ ಒಂದಿಷ್ಟು ಹಾಕಿ ಅರೆದರು. ಅರೆಯುವುದರಲ್ಲಿ ಅವರಿಗೆ ಖುಷಿ ಹತ್ತಿತು. ಕೋಟು ಬಿಚ್ಚಿ ಕೊಟ್ಟು ಮತ್ತೂ ಅರೆದರು. ರಸವನ್ನು ಸಣ್ಣ ಟ್ಯೂಬಿಗೆ ಸುರಿದ ಮೇಲೆ ಅವರು ಕೇಳಿದರು:

"ಇದರಲ್ಲಿ ಔಷಧಿ ಇದೆ, ಅಲ್ವಾ?"

"ತುಂಬಿ ತುಳುಕ್ತಿದೆ ಸರ್."

"ಹಾಗಾದ್ರೆ ನೋಡೇ ಹೋಗ್ತೀನಿ. ನಾಳೆ ಮಧ್ಯಾಹ್ನದ ಊಟದವರೆಗೆ ಇಲ್ಲೇ ಇರ್ತೀನಿ. ನನ್ನ ರಸಾನೇ ಪರೀಕ್ಷೆ ಮಾಡ್ಬೇಕು. ಅದನ್ನ ನೋಡಿ ಗಾಜಿನ ಮನೆ ವಿಷಯ ಅಲ್ಲೇ ಮುಗಿಸಿಬಿಡೋಣ." ಎಂದು ಪೆನ್ನು ತೆಗೆದು ಟ್ಯೂಬಿನ ಮೇಲೆ ತಮ್ಮ ಸಹಿಯನ್ನೇ ಹಾಕಿದರು.

ದೊಡ್ಡವರು ಅಂದು ಮೊದಲ ಬಾರಿಗೆ ತಣ್ಣನೆಯ ಕೋಣೆಯ ಒಳಗೆ ಕಾಲಿಟ್ಟರು. ಸಹಿಯಿದ್ದ ಟ್ಯೂಬು ಕೈಯಲ್ಲಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಅದು ಚಳಿಗೋ ಇನ್ಯಾತಕ್ಕೋ ಹೇಳುವುದು ಕಷ್ಟ.

"ನೀನು ಮಾಡಿದ್ದು ಸರೀನಾ?"

"ಎಲೆ ಬಾಡ್ತಿತ್ತು ಸರ್."

"ಮಾನ ಬಾಡಿದ್ದು ಕಾಣ್ಲಿಲ್ವಾ? ಹೋಗ್ಲಿ, ಆಗಿದ್ದು ಆಯ್ತು. ಹೊಟ್ಟೆಗೆ ಹಾಕ್ಕೊಂಡಿದ್ದೀನಿ." ಟ್ಯೂಬನ್ನು ಐಸಿನಲ್ಲಿ ಚುಚ್ಚಿಟ್ಟರು. "ಇದು ಅಧ್ಯಕ್ಷರದ್ದು. ನಾಳೆ ಇದರಲ್ಲಿ ಪಟ್ಟೆ ಕಾಣ್ಬೇಕು."

"ಇದರಲ್ಲಿ ಏನಿದೆ ಸರ್?"

"ಹೂವಿನ ಕುಂಡದ ಎಲೆ."

"ಅದರಲ್ಲಿ ಪ್ರತಿಕಾಯ ಎಲ್ಲಿಂದ ಬರತ್ತೆ?"

"ಗೊತ್ತಮ್ಮ, ಕಿತ್ತವನು ನಾನೇ. ಅದಕ್ಕೇ ಹೇಳ್ತಿರೋದು. ನಿನ್ನ ರಸ ಒಂದು ತೊಟ್ಟು ಇದಕ್ಕೆ ಬೆರೆಸಿಬಿಡು. ಅವರಿಗೆ ಪಟ್ಟೆ ಸಿಗತ್ತೆ, ನಿನಗೆ ಗಾಜಿನ ಮನೆ ಸಿಗತ್ತೆ, ನನಗೆ ನೆಮ್ಮದಿ ಸಿಗತ್ತೆ. ಯಾರಿಗೆ ನಷ್ಟ ಹೇಳು." ಬಾಗಿಲ ಬಳಿ ಹೋದವರು ತಿರುಗಿ ಸುತ್ತ ನೋಡಿದರು. "ಅಂದಹಾಗೆ, ಈ ಚಳಿ ಪೆಟ್ಟಿಗೆ ನಿಜಕ್ಕೂ ಬೇಕಾ? ಅಧ್ಯಕ್ಷರು ಹೊರಗೇ ಎಷ್ಟು ಚೆನ್ನಾಗಿ ಅರೆದ್ರು."

ಬಾಗಿಲು ಮುಚ್ಚಿಕೊಂಡಿತು. ಪಟ್ಟೆಹುಲಿ ಕೈ ಉಜ್ಜಿಕೊಂಡ.

"ಒಂದು ತೊಟ್ಟು ತಾನೇ ಅಕ್ಕ."

"ನಾಳೆ ಬೆಳಿಗ್ಗೆ ನೋಡೋಣ," ಎಂದಳು ಅವಳು. ಎರಡೂ ಟ್ಯೂಬುಗಳನ್ನು ಐಸಿನಲ್ಲಿ ಹೂತು ಮನೆಗೆ ಹೋದಳು.

ಮನೆಯಲ್ಲಿ ಅತ್ತೆ ಬಟ್ಟೆ ಮಡಿಸುತ್ತಿದ್ದರು. ಸೊಸೆಯ ವಿದ್ಯೆಯ ಬಗ್ಗೆ ಅತ್ತೆಗೆ ಅಪಾರ ಗೌರವ. ಎಲೆ ಅರೆಯುವುದಕ್ಕೆ ಇಷ್ಟು ಓದಿದವಳು ನಮ್ಮ ಮನೆತನದಲ್ಲೇ ಇವಳೊಬ್ಬಳು ಎಂದು ನೆಂಟರಿಗೆಲ್ಲ ಹೇಳುತ್ತಿದ್ದರು.

"ಮುಖ ಯಾಕೆ ಹಂಗಾಗಿದೆ? ನಿನ್ನ ಎಲೆಗೆ ಮತ್ತೆ ಹೊಟ್ಟೆನೋವಾ?"

ಅವಳು ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಮಡಿಸುವುದನ್ನು ಬಿಡದೆ ಕೇಳಿಸಿಕೊಂಡರು.

"ಒಂದು ತೊಟ್ಟಿಗೆ ಇಷ್ಟು ಯೋಚನೆನಾ? ಅಲ್ಲೇ ಹಾಕಿ ಬಂದಿದ್ರೆ ಇಷ್ಟೊತ್ತಿಗೆ ಊಟ ಮುಗೀತಿತ್ತು."

"ಹಾಕಿದ್ರೆ, ಬೆಚ್ಚಗಿರೋ ಸಭಾಂಗಣದಲ್ಲಿ ಅರೆದ್ರೂ ಔಷಧಿ ಉಳಿಯತ್ತೆ ಅಂತ ಆಗತ್ತೆ ಅತ್ತೆ. ಸಹಿ ಸಮೇತ. ಆಮೇಲೆ ಕೋಲ್ಡ್ ರೂಮ್ ಯಾಕೆ ಅಂತಾರೆ. ಎಲ್ಲ ಹೊರಗೇ ಅರೀತಾರೆ."

"ಅರೀಲಿ ಬಿಡು. ನಿಂಗೂ ನೆಗಡಿ ತಪ್ಪತ್ತೆ."

ಅವಳಿಗೆ ನಗು ಬಂತು. ನಗುತ್ತಲೇ ಕೂತವಳಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ದೊಡ್ಡ ಷೆಡ್ಡು, ದೊಡ್ಡ ಯಂತ್ರ, ಬೆಚ್ಚಗೆ ಅರೆಯುವ ರಾಶಿ ಎಲೆ, ಅದರೊಳಗೆ ಹಬ್ಬದೂಟ ಮಾಡುತ್ತಿರುವ ಕತ್ತರಿಗಳು. ಇಡೀ ಪ್ರತಿಕಾಯ ತುಂಬಿದ ಬಾಟಲಿಯೂ ಚೂರು ತುಂಬಿದ ಬಾಟಲಿಯೂ ಹೊರಗಿನಿಂದ ಒಂದೇ ಥರ ತಿಳಿಯಾಗಿರುತ್ತವೆ. ನಾಯಿ ಕಚ್ಚಿದ ಕಾಲನ್ನು ಹಿಡಿದುಕೊಂಡು ಬಂದವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವುದಿಲ್ಲ, ಸೂಜಿಗೆ ಕಾಲು ಚಾಚುತ್ತಾನೆ.

ಆ ತೊಟ್ಟು ಹಾಕದ ದಾರಿಯಲ್ಲಿ ಕಾಣುತ್ತಿದ್ದುದೂ ಅಷ್ಟೇ ಸ್ಪಷ್ಟವಾಗಿತ್ತು: ಗಾಜಿನ ಮನೆ ತುಂಬ ಹೊಳೆಯುವ ಎಲೆಯ ಕುಂಡಗಳು, ಮೂಲೆಯ ಸ್ಟೂಲಿನ ಮೇಲೆ ತಾನು.

"ಊಟಕ್ಕೆ ಏಳು," ಎಂದರು ಅತ್ತೆ. "ಕತ್ತರಿ ಓಡಿಹೋಗಲ್ಲ, ನಾಳೆನೂ ಅಲ್ಲೇ ಇರತ್ತೆ."

ಬೆಳಿಗ್ಗೆ ಬೇಗನೆ ಅವಳು ಹೋದಾಗ ಪಟ್ಟೆಹುಲಿ ಆಗಲೇ ಎಲ್ಲ ಸಿದ್ಧ ಮಾಡಿಕೊಂಡಿದ್ದ. ಒಂದು ಕೈಯಲ್ಲಿ ಸಹಿ ಇದ್ದ ಟ್ಯೂಬು, ಇನ್ನೊಂದರಲ್ಲಿ ಅವಳ ರಸ.

"ಹಾಕ್ಲಾ ಅಕ್ಕ? ನೀನು ಆ ಕಡೆ ತಿರುಗಿ ನಿಂತ್ಕೋ ಬೇಕಾದ್ರೆ. ನೀನು ನೋಡ್ಲೇ ಇಲ್ಲ ಅಂತಾಗತ್ತೆ."

"ನಿನ್ನೆ ಬಾಗಿಲು ಹಾಕ್ಕೊಂಡಿದ್ದಕ್ಕೆ ಧೈರ್ಯ ಬಂದುಬಿಡ್ತಾ ನಿಂಗೆ?"

"ಧೈರ್ಯ ಅಲ್ಲ, ಭಯ. ಆ ಕುಂಡದವರ ಕೈ ಕೆಳಗೆ ನಾನು ಗೊಬ್ಬರ ಅಳೀಬೇಕಾಗತ್ತೆ."

"ಅಳೀವಿಯಂತೆ. ಅವರದ್ದು ಅವರದ್ದೇ ಹಾಕು. ಪಕ್ಕದಲ್ಲಿ ಹೋದ ಬೆಳೆಯದ್ದು, ಆ ಚೂರಾಗಿತ್ತಲ್ಲ, ಅದು. ಕೊನೆಗೆ ನಮ್ಮದು."

"ನಮ್ಮದೂ ಚೂರಾಗಿದ್ರೆ?"

ಅವಳು ಮೂರೂ ಟ್ಯೂಬುಗಳನ್ನು ಸಾಲಾಗಿ ಅವನ ಮುಂದಿಟ್ಟಳು. ಸತ್ಯ ಹೇಳಿದರೂ ಗಾಜಿನ ಮನೆ ಹೋಗುವ ಸಾಧ್ಯತೆ ಧಾರಾಳವಾಗಿತ್ತು. ಭಗವಂತನು ಸತ್ಯವಂತರನ್ನು ಕಾಪಾಡುತ್ತಾನೆ ನಿಜ, ಆದರೆ ಬಾಡಿದ ಸೊಪ್ಪಿನ ಬಗ್ಗೆ ಅವನು ಎಲ್ಲೂ ಮಾತು ಕೊಟ್ಟಿಲ್ಲ.

ಹಾಳೆಯ ಮೇಲೆ ಪಟ್ಟೆ ಮೂಡುವ ಹೊತ್ತಿಗೆ ಅಧ್ಯಕ್ಷರೂ ದೊಡ್ಡವರೂ ಒಳಗೆ ಬಂದರು. ದೊಡ್ಡವರು ಎಲೆಯಕ್ಕನ ಮುಖ ನೋಡಿ ಮುಗುಳ್ನಕ್ಕರು, ಹಾಳೆ ನೋಡಿ ಮುಗುಳ್ನಗುವುದನ್ನು ನಿಲ್ಲಿಸಿದರು.

ಮೊದಲ ಸಾಲು ಬೆಳ್ಳಗೆ, ತೊಳೆದ ಹಾಗೆ. ಮಧ್ಯದ ಸಾಲಿನಲ್ಲಿ ಮೇಲಿಂದ ಕೆಳಗಿನವರೆಗೆ ಮಸುಕು ಚೂರುಗಳು. ಮೂರನೆಯದರಲ್ಲಿ ಒಂದೇ ಒಂದು ಪಟ್ಟೆ, ಕಾಡಿಗೆ ತೀಡಿದಷ್ಟು ಕಪ್ಪಗೆ. ಅದರ ಕೆಳಗೆ, ಕಣ್ಣು ಕಿರಿದು ಮಾಡಿದರೆ ಕಾಣುವಷ್ಟು, ಎರಡು ಮೂರು ತೆಳು ನೆರಳು. ದೀಪದಡಿ ಕಾದದ್ದರ ಗುರುತು. ಪಟ್ಟೆಹುಲಿ ಸದ್ದಿಲ್ಲದೆ ಅವಳ ತೋಳು ಗಿಲ್ಲಿದ.

"ನನ್ನದು ಆ ಕಪ್ಪಗಿರೋದು, ಅಲ್ವಾ?" ಎಂದರು ಅಧ್ಯಕ್ಷರು.

"ಅಲ್ಲ ಸರ್. ಮೊದಲನೇದು," ಎಂದಳು ಎಲೆಯಕ್ಕ.

"ಅಲ್ಲೇನೂ ಇಲ್ಲವಲ್ಲ."

"ಇಲ್ಲ ಸರ್. ನೀವು ಅರೆದದ್ದು ಬೇರೆ ಗಿಡ. ಔಷಧಿ ಇದ್ದ ಎಲೇನ ನಾನು ತಟ್ಟೆ ಸಮೇತ ಎತ್ಕೊಂಡು ಹೋಗಿದ್ದೆ. ನೀವು ಬರೋದು ತಡ ಆಗ್ತಿತ್ತು. ಅಲ್ಲೇ ಬಿಟ್ಟಿದ್ರೆ ಹೀಗೆ ಆಗ್ತಿತ್ತು." ಅವಳು ಮಧ್ಯದ ಸಾಲು ತೋರಿಸಿದಳು. "ಈಗಲೂ ಸ್ವಲ್ಪ ಆಗಿದೆ, ಕೆಳಗೆ ನೋಡಿ."

ಅಧ್ಯಕ್ಷರು ಮೆಲ್ಲಗೆ ದೊಡ್ಡವರ ಕಡೆ ತಿರುಗಿದರು.

"ಹಾಗಾದ್ರೆ ಅಷ್ಟು ಜನರ ಮುಂದೆ ಕೋಟು ಬಿಚ್ಚಿ ನಾನು ಅರೆದದ್ದು ಏನ್ರೀ?"

ಮುಳುಗುವವನಿಗೆ ದೇವರು ಕೆಲವೊಮ್ಮೆ ಹುಲ್ಲುಕಡ್ಡಿಯ ಬದಲು ದೋಣಿಯನ್ನೇ ಕಳಿಸುತ್ತಾನೆ. ಯಾಕೆಂದು ಅವನನ್ನೇ ಕೇಳಬೇಕು.

"ಕಂಟ್ರೋಲ್ ಸರ್," ಎಂದರು ದೊಡ್ಡವರು. ಆ ಮಾತು ತಮ್ಮ ಬಾಯಿಂದ ಬಂದದ್ದಕ್ಕೆ ಅವರಿಗೇ ಅಚ್ಚರಿಯಾದಂತಿತ್ತು. "ಔಷಧಿ ಇಲ್ಲದ ಎಲೆ ಅಂತ ಒಂದು ಪಕ್ಕದಲ್ಲಿ ಇರ್ಲೇಬೇಕು ಸರ್. ಖಾಲಿ ಎಲೇಲಿ ಪಟ್ಟೆ ಬರಲ್ಲ ಅಂತ ತೋರಿಸಿದ್ರೆನೇ ಈ ಪಟ್ಟೆಗೆ ಬೆಲೆ. ಅಂಥ ಜವಾಬ್ದಾರಿ ಕೆಲಸಾನ ಯಾರ ಕೈಗಂದ್ರೆ ಅವರ ಕೈಗೆ ಕೊಡಕ್ಕಾಗತ್ತಾ?"

ಇಷ್ಟು ವರ್ಷಗಳಲ್ಲಿ ದೊಡ್ಡವರು ಆಡಿದ ಮೊಟ್ಟಮೊದಲ ಸರಿಯಾದ ವೈಜ್ಞಾನಿಕ ಮಾತು ಅದು. ಸುಳ್ಳು ಹೇಳಲು ಹೊರಟು ಆಡಿದ್ದೆಂಬುದು ಬೇರೆ ವಿಷಯ.

ಅಧ್ಯಕ್ಷರು ಎಲೆಯಕ್ಕನನ್ನು ನೋಡಿದರು. "ಹೌದೇನಮ್ಮ?"

"ಖಾಲಿ ಎಲೆ ಬೇಕೇ ಬೇಕು ಸರ್, ಅದು ನಿಜ. ಆದ್ರೆ ನಿಮ್ಮನ್ನ ಕರೆಸಿದ್ದು ಅದಕ್ಕಲ್ಲ."

ಅಧ್ಯಕ್ಷರು ದಡ್ಡರೇನಲ್ಲ. ದಡ್ಡರಾದವರು ಅಷ್ಟು ತಡವಾಗಿ ಬಂದೂ ಅಷ್ಟು ಚಪ್ಪಾಳೆ ಗಿಟ್ಟಿಸಲಾರರು. ಎರಡು ಮಾತುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದನ್ನು ಒಪ್ಪಿದರೆ ತಾವು ಎಲೆ ಬಾಡಿಸಿದವರು, ಇನ್ನೊಂದನ್ನು ಒಪ್ಪಿದರೆ ಪ್ರಯೋಗದ ಆಧಾರಸ್ತಂಭ.

"ನನಗೆ ಅರೆಯುವಾಗಲೇ ಅನ್ನಿಸ್ತು," ಎಂದರು ಗಂಭೀರವಾಗಿ, "ಇದರಲ್ಲಿ ಏನೂ ಇಲ್ಲ ಅಂತ. ಎಷ್ಟು ಶುದ್ಧವಾಗಿದೆ ನೋಡಿ ನನ್ನ ಸಾಲು. ಒಂದು ಕಲೆ ಇಲ್ಲ." ಆಮೇಲೆ ಮಧ್ಯದ ಸಾಲನ್ನು ಸ್ವಲ್ಪ ಹೊತ್ತು ನೋಡಿ, ಧ್ವನಿ ತಗ್ಗಿಸಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದರು: "ಗಾಜಿನ ಮನೆ ನೀವೇ ಇಟ್ಕೊಳ್ಳಿ. ಆ ಚಳಿ ಕೋಣೆನೂ."

ದೊಡ್ಡವರು ಹಣೆ ಒರೆಸಿಕೊಂಡರು. ಹೂವಿನ ವಿಭಾಗದ ಮುಖ್ಯಸ್ಥರಿಗೆ ಅದೇ ದಿನ ಅಧ್ಯಕ್ಷರ ಆದೇಶ ಹೋಯಿತು: ಮುಂದೆ ಪ್ರತಿ ಬೆಳೆಗೂ ಖಾಲಿ ಎಲೆಯನ್ನು ಅವರ ಕುಂಡಗಳಿಂದಲೇ ಒದಗಿಸತಕ್ಕದ್ದು, ಅದನ್ನು ಅಧ್ಯಕ್ಷರು ಖುದ್ದಾಗಿ ಸಭಾಂಗಣದಲ್ಲಿ ಅರೆಯುವರು. ಹೋಲಿಕೆ ಸರಿಯಾಗಬೇಕಾದರೆ ಎಲೆಯಕ್ಕ ತನ್ನ ಗಿಡದ್ದೇ, ಬ್ಯಾಕ್ಟೀರಿಯಾ ಮುಟ್ಟದ ಖಾಲಿ ಎಲೆಯೊಂದನ್ನು ಬೇರೆಯಾಗಿ ಅರೆದಿಟ್ಟುಕೊಳ್ಳಬೇಕಾಗುತ್ತದೆಂದು ಪಟ್ಟೆಹುಲಿ ಹೇಳಲು ಹೋದ. ಅವಳು ಅವನ ಕಾಲು ತುಳಿದಳು.

ಈಗ ಎಲೆ ಕೀಳುವ ದಿನ ಬಂತೆಂದರೆ ಇಡೀ ಸಂಸ್ಥೆ ಸಭಾಂಗಣದಲ್ಲಿರುತ್ತದೆ. ದೀಪಗಳಿರುತ್ತವೆ, ಮೈಕಿರುತ್ತದೆ, ಅಧ್ಯಕ್ಷರು ಎಷ್ಟು ಬೇಕಾದರೂ ತಡವಾಗಿ ಬರುತ್ತಾರೆ, ಹೊಳೆಯುವ ಎಲೆಗಳು ತಟ್ಟೆಯಲ್ಲಿ ಎಷ್ಟು ಬೇಕಾದರೂ ಕಾಯುತ್ತವೆ. ದೊಡ್ಡವರು ಭಾಷಣವನ್ನು ಇನ್ನಷ್ಟು ಬೆಳೆಸಿದ್ದಾರೆ. ಅಷ್ಟು ಹೊತ್ತು ಹಿಂಭಾಗದ ಕಡೆ ಯಾರೂ ಸುಳಿಯುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಐಸು ತೆಗೆಸುವುದಿಲ್ಲ. ಎಲೆಯಕ್ಕ ಮತ್ತು ಪಟ್ಟೆಹುಲಿ ಗಿಡದಿಂದ ಕಿತ್ತದ್ದನ್ನು ಕಿತ್ತ ಹಾಗೇ ಒಳಗೆ ಒಯ್ದು, ಮೂಗು ಕೆಂಪಗೆ ಮಾಡಿಕೊಂಡು, ನೆಮ್ಮದಿಯಾಗಿ ಅರೆಯುತ್ತಾರೆ. ಗೋಡೆಯಾಚೆ ಚಪ್ಪಾಳೆ ಕೇಳಿದರೆ ಅವಳು ಒಂದು ಕ್ಷಣ ಕೈ ನಿಲ್ಲಿಸಿ, ಭಾಷಣ ಮುಗಿದೇಹೋಯಿತೇನೋ ಎಂದು ಕಿವಿಗೊಡುತ್ತಾಳೆ. ಮೈಕು ಮತ್ತೆ ಶುರುವಾಗುತ್ತದೆ. ಅವಳು ದೇವರಿಗೆ ಮನಸಾರೆ ಕೈಮುಗಿದು ಇನ್ನೊಂದು ಹಿಡಿ ಎಲೆ ಹಾಕುತ್ತಾಳೆ.